ಮೈದನಹಳ್ಳಿಯ ಹುಲ್ಲೆ, ಕ್ರಿಸ್‌ಮಸ್ ಕಾರ್ಡಿನ ಮೇಲೆ

ಅವರೆಕಾಯಿಯ ಸೊಗಡು ಸಂತೆಯಲ್ಲಿ ಏಳುವ ಹೊತ್ತಿಗೆ ನಮ್ಮ ನಡುಮನೆಯಲ್ಲಿ ಚಾಪೆ ಹಾಸುತ್ತೇನೆ. ಅದರ ಮೇಲೆ ರಬ್ಬರ್ ತುಂಡು, ಕಟರ್ ಬ್ಲೇಡು, ಸ್ಟಾಂಪ್ ಪ್ಯಾಡು, ಹಳೆಯ ಲಗ್ನಪತ್ರಿಕೆಗಳು ಹರಡಿಕೊಳ್ಳುತ್ತವೆ. ಪ್ರಾಣಿಗಳ ಅಚ್ಚು ಕೊರೆದು ಕ್ರಿಸ್‌ಮಸ್ ಕಾರ್ಡು, ಗಿಡಕ್ಕೆ ತೂಗುಹಾಕುವ ಬಿಲ್ಲೆ ಮಾಡುವ ಕೆಲಸ. ಜೊತೆಗೆ ಕೂರುವ ಮಕ್ಕಳು ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡದ ಹಳ್ಳಿಗಳವರು. ಮೊದಲ ದಿನ ಬಿಳಿ ಹಾಳೆ ಕೊಟ್ಟು, ಕ್ರಿಸ್‌ಮಸ್ ಅಂದರೆ ನಿಮಗೆ ಯಾವ ಪ್ರಾಣಿ ನೆನಪಾಗುತ್ತೆ, ಬರೀರಿ ಎಂದರೆ, ಹೆಚ್ಚಿನ ಹಾಳೆಗಳಲ್ಲಿ ಹಿಮಗಾಡಿ ಎಳೆಯುವ ಸಾರಂಗವೇ ಮೂಡುತ್ತದೆ. ಬರೆದವರಲ್ಲಿ ಕೆಲವರು ತಮ್ಮ ಹೊಲದ ಬದುವಿನಲ್ಲೇ ಕೃಷ್ಣಮೃಗ ಕಂಡವರು. ಅದು ಮಾತ್ರ ಹಾಳೆಗೆ ಇಳಿಯುವುದಿಲ್ಲ. ಇದು ನನ್ನನ್ನು ಬಹಳ ಕಾಡಿದೆ. ಮಕ್ಕಳೂ ಅವರನ್ನು ಬಿಡಲು ಬರುವ ಹಿರಿಯರೂ ಹೊತ್ತು ತರುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಂಡಿದ್ದೇನೆ.

ತಪ್ಪು ಕಲ್ಪನೆ: ಹಿಮ, ಸಾರಂಗ, ಕೆಂಪೆದೆಯ ಹಕ್ಕಿ ಇದ್ದರೇ ಅದು ಕ್ರಿಸ್‌ಮಸ್ ಕಾರ್ಡು.

ವಾಸ್ತವ: ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡಿನಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ ಜಾನ್ ಕಾಲ್‌ಕಾಟ್ ಹಾರ್ಸ್‌ಲಿ ಎಂಬ ಕಲಾವಿದನಿಂದ ಅದನ್ನು ಬರೆಸಿದ. ನಡುವೆ ಒಂದು ಕುಟುಂಬ ಊಟಕ್ಕೆ ಕೂತಿದೆ; ಎರಡು ಪಕ್ಕದಲ್ಲಿ ಬಡವರಿಗೆ ಅನ್ನ, ಬಟ್ಟೆ ಕೊಡುವ ದೃಶ್ಯಗಳಿವೆ. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತು. ಅದೂ ಕಲ್ಲಚ್ಚು, ಇದೂ ಕಲ್ಲಚ್ಚು. ಕ್ರಿಸ್‌ಮಸ್ ಕಾರ್ಡಿಗೂ ನಮ್ಮ ಪತ್ರಿಕೆಗೂ ಒಂದೇ ವಯಸ್ಸು ಎಂದು ಮಕ್ಕಳಿಗೆ ಹೇಳುವಾಗ ನನಗೆ ಪ್ರತಿಸಲವೂ ಖುಷಿಯಾಗುತ್ತದೆ.

ಪ್ರಾಣಿಗಳು ಬಂದದ್ದು ಆಮೇಲೆ, ಮತ್ತು ಬಂದದ್ದಕ್ಕೆ ಅಲ್ಲಲ್ಲಿನ ಕಾರಣಗಳಿದ್ದವು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಅಂಚೆಯವರು ಕೆಂಪು ಕೋಟು ತೊಡುತ್ತಿದ್ದರು. ಜನ ಅವರನ್ನು ರಾಬಿನ್ ಹಕ್ಕಿಯ ಹೆಸರಿನಿಂದಲೇ ಕರೆಯುತ್ತಿದ್ದರು. ಕಾರ್ಡು ತಂದುಕೊಡುವವನ ಅಡ್ಡಹೆಸರು ಕಾರ್ಡಿನ ಚಿತ್ರವಾಯಿತು. ಎಂಟು ಸಾರಂಗಗಳು ಸಾಂತಾಕ್ಲಾಸನ ಗಾಡಿಗೆ ಕಟ್ಟಿಕೊಂಡದ್ದು 1823ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಅಚ್ಚಾದ ಪದ್ಯದಿಂದ. ಕೆಂಪು ಮೂಗಿನ ರುಡಾಲ್ಫ್ ಇನ್ನೂ ಈಚಿನವನು. 1939ರಲ್ಲಿ ಷಿಕಾಗೋದ ಮಾಂಟ್‌ಗೊಮರಿ ವಾರ್ಡ್ ಎಂಬ ಅಂಗಡಿ ಸಂಸ್ಥೆಗಾಗಿ ರಾಬರ್ಟ್ ಮೇ ಬರೆದ ಮಕ್ಕಳ ಕಥೆಯಲ್ಲಿ ಹುಟ್ಟಿದವನು. ಆಯಾ ಊರಿನವರು ತಮ್ಮ ಕಣ್ಣಿಗೆ ಬಿದ್ದದ್ದನ್ನು, ಕೇಳಿ ನಕ್ಕದ್ದನ್ನು ಕಾರ್ಡಿಗೆ ತಂದರು. ನಾವೂ ಹಾಗೆಯೇ ಮಾಡಿದರೆ ಸಂಪ್ರದಾಯ ಮುರಿದಂತಾಗುವುದಿಲ್ಲ.

ತಪ್ಪು ಕಲ್ಪನೆ: ಹಿಮಸಾರಂಗವೂ ಕೃಷ್ಣಮೃಗವೂ ಜಿಂಕೆಗಳೇ. ಅದೇ ಅಚ್ಚಿನಲ್ಲಿ ಕೊಂಬು ಸ್ವಲ್ಪ ತಿದ್ದಿದರೆ ಸಾಕು.

ವಾಸ್ತವ: ಇಲ್ಲಿ ಸ್ವಲ್ಪ ನಿಲ್ಲಬೇಕು. ಅಚ್ಚು ಕೊರೆಯುವವನಿಗೆ ಕೊಂಬೇ ಮುಖ್ಯ.

ಹಿಮಸಾರಂಗ, ಚುಕ್ಕೆಜಿಂಕೆ, ಕಡವೆ ಇವು ಒಂದು ಬಳಗ. ಇವುಗಳ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಹುಟ್ಟುತ್ತದೆ. ಹಿಮಸಾರಂಗದಲ್ಲಿ ಹೆಣ್ಣಿಗೂ ಕೊಂಬುಂಟು. ಬೆಳೆದ ಗಂಡುಗಳು ಚಳಿಗಾಲದ ಆರಂಭಕ್ಕೆ ಕೊಂಬು ಉದುರಿಸುತ್ತವೆ, ಹೆಣ್ಣುಗಳು ಚಳಿಗಾಲವಿಡೀ ಉಳಿಸಿಕೊಳ್ಳುತ್ತವೆ. ಆ ಲೆಕ್ಕದಲ್ಲಿ ಡಿಸೆಂಬರ್ 24ರ ರಾತ್ರಿ ಕೊಂಬು ಹೊತ್ತು ಗಾಡಿ ಎಳೆಯುವವು ಹೆಚ್ಚಾಗಿ ಹೆಣ್ಣುಗಳೇ ಆಗಬೇಕು. ಹುಡುಗಿಯರಿಗೆ ಈ ಸಂಗತಿ ಬಹಳ ಇಷ್ಟ.

ಕೃಷ್ಣಮೃಗದ ಬಳಗವೇ ಬೇರೆ. ಅದರ ಕೊಂಬು ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ. ಒಳಗೆ ಎಲುಬಿನ ತಿರುಳು, ಹೊರಗೆ ಉಂಗುರ ಉಂಗುರವಾದ ಕವಚ, ಹಗ್ಗ ಹೊಸೆದಂತೆ ತಿರುಚಿಕೊಂಡು ಮೇಲೇರುತ್ತದೆ. ಸಾಮಾನ್ಯವಾಗಿ ಗಂಡಿಗೆ ಮಾತ್ರ. ಗಂಡಿನ ಬೆನ್ನು ವಯಸ್ಸಾದಂತೆ ಕಪ್ಪಾಗುತ್ತದೆ. ಹೊಟ್ಟೆ ಬಿಳಿ, ಕಾಲಿನ ಒಳಮಗ್ಗುಲು ಬಿಳಿ, ಕಣ್ಣಿನ ಸುತ್ತ ಬಿಳಿ ಬಳೆ. ಹೆಣ್ಣು ಕಂದುಹಳದಿ. ಹಳಗನ್ನಡದವರು ಇದನ್ನು ಹುಲ್ಲೆ ಎಂದರು, ಉತ್ತರ ಕರ್ನಾಟಕದವರು ಚಿಗರಿ ಎನ್ನುತ್ತಾರೆ.

ಕೊರೆಯುವವರಿಗೆ ಇಷ್ಟು ಸ್ಪಷ್ಟವಾದ ಪ್ರಾಣಿ ಇನ್ನೊಂದಿಲ್ಲ. ಕಪ್ಪು ಬೆನ್ನು ಉಬ್ಬಾಗಿ ಉಳಿಯಲಿ, ಬಿಳಿ ಹೊಟ್ಟೆಯನ್ನು ಕೊರೆದು ತೆಗೆಯಿರಿ. ಉಬ್ಬಿದ ಜಾಗಕ್ಕೆ ಶಾಯಿ, ತಗ್ಗಿದ ಜಾಗದಲ್ಲಿ ಕಾಗದದ ಬಿಳಿ. ಕಣ್ಣಿನ ಬಳೆಗೆ ಬ್ಲೇಡು ಬೇಡ. ಖಾಲಿಯಾದ ಬಾಲ್‌ಪೆನ್ ರೀಫಿಲ್ಲಿನ ಹಿಂಬದಿಯನ್ನು ರಬ್ಬರಿಗೆ ಒತ್ತಿ ತಿರುಗಿಸಿದರೆ ಸಣ್ಣ ಬಳೆಯೇ ಮೂಡುತ್ತದೆ. ಕೊಂಬಿನ ತಿರುಚನ್ನು ಓರೆಯಾದ ಐದಾರು ಗೆರೆಗಳಲ್ಲಿ ತೋರಿಸಿದರೆ ಸಾಕು. ಒಬ್ಬ ಹುಡುಗ ಮೊದಲ ಅಚ್ಚು ಒತ್ತಿ ಕಾಗದ ಎತ್ತಿ ನೋಡಿ, ‘ಅಕ್ಕಾ, ಇದು ನಮ್ಮ ಕಡ್ಲೆಕಾಯಿ ಹೊಲಕ್ಕೆ ಬರೋದು ಕಣಕ್ಕಾ!’ ಎಂದಾಗ ಅವನ ದನಿಯಲ್ಲಿದ್ದ ಬೆರಗು ನನ್ನ ಕಿವಿಯಲ್ಲಿ ಇನ್ನೂ ಇದೆ. ದಿನಾ ಕಾಣುವ ಪ್ರಾಣಿಯನ್ನು ಅವನು ಅಂದು ನೋಡಿದ.

ತಪ್ಪು ಕಲ್ಪನೆ: ಜಿಂಕೆ ಎಂದ ಮೇಲೆ ಹಿನ್ನೆಲೆಯಲ್ಲಿ ದಟ್ಟ ಕಾಡು ಇರಬೇಕು.

ವಾಸ್ತವ: ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು. ದೂರದಿಂದಲೇ ಅಪಾಯ ಕಂಡು ಓಡಬೇಕಾದ ಪ್ರಾಣಿ ಅದು. ಮರಗಳ ನಡುವೆ ಅದರ ಓಟಕ್ಕೂ ನೆಗೆತಕ್ಕೂ ಜಾಗವಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು, 798 ಎಕರೆ, 2007ರಲ್ಲಿ ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು’ ಎಂದು ಘೋಷಣೆಯಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ಹೊಳೆಯ ಹೆಸರು ಅದಕ್ಕೆ. ಅಲ್ಲಿಂದ ಆಂಧ್ರದ ಗಡಿ ಹತ್ತಿರವೇ. ಗಡಿಯಾಚೆ ಕೃಷ್ಣಮೃಗ ರಾಜ್ಯಪ್ರಾಣಿ. ನಮ್ಮಲ್ಲಿ ಮೈದನಹಳ್ಳಿಗಿಂತ ಮೊದಲೇ ರಾಣೆಬೆನ್ನೂರಿನಲ್ಲಿ ಇದೇ ಪ್ರಾಣಿಗಾಗಿ ಅಭಯಾರಣ್ಯ ಆಗಿತ್ತು.

ಹುಲ್ಲುಗಾವಲನ್ನು ನಾವು ಬಂಜರು ಎಂದು ಕರೆದು ಕರೆದು ಹಾಳು ಮಾಡಿದ್ದೇವೆ. ಹಸಿರಾಗಲಿ ಎಂದು ನೀಲಗಿರಿ, ಅಕೇಶಿಯಾ ನೆಟ್ಟರೆ ಹುಲ್ಲೆಗೆ ಜಾಗ ಕಡಿಮೆಯಾಗುತ್ತದೆ. ಹಾಗಾಗಿ ನನ್ನ ಹತ್ತಿರ ಕಲಿಯುವವರಿಗೆ ಒಂದು ವಿನಂತಿ: ಈ ಪ್ರಾಣಿಯ ಹಿಂದೆ ಮರಗಳ ಸಾಲು ಒತ್ತಬೇಡಿ. ಹುಲ್ಲು ಮೂಡಿಸಲು ತೆಂಗಿನ ಕಡ್ಡಿಯ ಪೊರಕೆಯಿಂದ ಏಳೆಂಟು ಕಡ್ಡಿ ಕಿತ್ತು ಕಟ್ಟಿ, ತೆಳ್ಳಗಿನ ಹಳದಿ ಬಣ್ಣದಲ್ಲಿ ಅದ್ದಿ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಎಳೆಯಿರಿ. ಡಿಸೆಂಬರಿನಲ್ಲಿ ಆ ಬಯಲಿಗೆ ಇರುವುದು ಒಣಹುಲ್ಲಿನ ಬಣ್ಣ.

ತಪ್ಪು ಕಲ್ಪನೆ: ಗೋದಲಿಯ ಎತ್ತು, ಕತ್ತೆ, ಒಂಟೆ ಬೈಬಲಿನಲ್ಲಿ ಹೇಳಿದಂತೆಯೇ ಇರಬೇಕು. ನಮ್ಮ ಊರಿನ ಪ್ರಾಣಿ ಸೇರಿಸುವುದು ಅಪಚಾರ.

ವಾಸ್ತವ: ಈ ಅಳುಕಿಗೆ ನನ್ನಲ್ಲಿ ಗೌರವವಿದೆ, ಆದ್ದರಿಂದ ಮೂಲವನ್ನೇ ನೋಡೋಣ. ಲೂಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಮಗುವನ್ನು ಗೋದಲಿಯಲ್ಲಿ ಮಲಗಿಸಿದ ಮಾತಿದೆ. ಸುತ್ತ ಎತ್ತು, ಕತ್ತೆ ನಿಂತಿದ್ದವೆಂದು ಹೇಳಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಪೂರ್ವದಿಂದ ಜ್ಞಾನಿಗಳು ಬರುತ್ತಾರೆ. ಒಂಟೆಯ ಮೇಲೆ ಬಂದರೆಂದಾಗಲಿ, ಮೂವರೇ ಬಂದರೆಂದಾಗಲಿ ಇಲ್ಲ. ಎತ್ತು ಮತ್ತು ಕತ್ತೆಯನ್ನು ಭಕ್ತರು ತಂದದ್ದು ಹಳೆಯ ಒಡಂಬಡಿಕೆಯ ಯೆಶಾಯನ ಗ್ರಂಥದಿಂದ. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಗೋದಲಿಯನ್ನೂ ಅರಿಯುತ್ತವೆ ಎಂಬ ಅರ್ಥದ ಮಾತು ಅದರ ಮೊದಲ ಅಧ್ಯಾಯದಲ್ಲಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಜೀವಂತ ಎತ್ತು, ಕತ್ತೆಗಳನ್ನು ನಿಲ್ಲಿಸಿ ಗೋದಲಿ ಕಟ್ಟಿದರು.

ಲೂಕನ ಬರಹದಲ್ಲಿ ಬರುವುದು ಕುರಿಗಳ ಮಂದೆ. ಕುರುಬರು ರಾತ್ರಿ ಬಯಲಿನಲ್ಲಿ ಮಂದೆ ಕಾಯುತ್ತಿದ್ದರು, ಸುದ್ದಿ ಅವರಿಗೇ ಮೊದಲು ಬಂತು. ಈ ಮಾತು ಓದುವಾಗ ನನಗೆ ಸಿರಾ, ಪಾವಗಡದ ಹೊಲಗಳು ಕಣ್ಣಮುಂದೆ ನಿಲ್ಲುತ್ತವೆ. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತಂಗಿಸುತ್ತಾರೆ. ಕಾಯುವವರು ಕಂಬಳಿ ಹೊದ್ದು, ಬೆಂಕಿ ಹಾಕಿಕೊಂಡು, ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡು ನಕ್ಷತ್ರದ ಕೆಳಗೆ ರಾತ್ರಿ ಕಳೆಯುತ್ತಾರೆ. ಸಿರಾ ತಾಲ್ಲೂಕಿನ ಕಳುವರಹಳ್ಳಿ ಹತ್ತಿರದ ಜುಂಜಪ್ಪನ ಗುಡ್ಡೆಗೆ ನಡೆದುಕೊಳ್ಳುವ ಕಾಡುಗೊಲ್ಲರು ದನಕರುಗಳನ್ನು ಕಾದ ವೀರನನ್ನೇ ದೈವವಾಗಿ ಕಂಡವರು. ಮಂದೆ ಕಾಯುವವನ ಮಹತ್ವವನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಿರುವಾಗ ಕಾರ್ಡಿನ ಮೇಲೆ ಹತ್ತಿ ಉಂಡೆಯಂಥ ಬೆಳ್ಳನೆಯ ವಿಲಾಯಿತಿ ಕುರಿ ಏಕೆ? ನಮ್ಮ ಕಂಬಳಿ ಕುರಿ ಕಪ್ಪು, ಬೂದು. ಮೂಗು ಉಬ್ಬು, ಕಿವಿ ಜೋಲು. ಇದನ್ನು ಮೂಡಿಸಲು ಒಂದು ಸುಲಭದ ದಾರಿ ಇದೆ. ಹಳೆಯ ಕಂಬಳಿಯ ಸಣ್ಣ ಚೂರನ್ನು ಸೀಸೆಯ ಮುಚ್ಚಳಕ್ಕೆ ಬಿಗಿಯಾಗಿ ಕಟ್ಟಿ, ಕಪ್ಪು ಬಣ್ಣ ಸವರಿ ಒತ್ತಿ. ಉಣ್ಣೆಯ ಎಳೆಗಳೇ ಕಾಗದದ ಮೇಲೆ ಬರುತ್ತವೆ. ತಲೆಗೆ ಹೆಬ್ಬೆರಳು, ಕಾಲಿಗೆ ಬೆಂಕಿಕಡ್ಡಿಯ ಅಂಚು. ಕಂಬಳಿಯಿಂದ ಒತ್ತಿದ ಕುರಿಯನ್ನು ಕಂಡ ಒಬ್ಬ ಅಜ್ಜಿ ಅದನ್ನು ಬೆರಳಿನಿಂದ ಸವರಿ, ‘ನಮ್ಮ ರೊಪ್ಪದ್ದೇ’ ಎಂದರು. ಅಂಗಡಿಯ ಕಾರ್ಡಿಗೆ ಈ ಮಾತು ಸಿಗದು.

ತಪ್ಪು ಕಲ್ಪನೆ: ಚಿತ್ರ ಬರೆಯಲು ಬಾರದವರಿಗೆ, ದುಬಾರಿ ಅಚ್ಚು ತರಿಸಲಾಗದವರಿಗೆ ಈ ಕೆಲಸ ಅಲ್ಲ.

ವಾಸ್ತವ: ಪೆನ್ಸಿಲ್ ಗೆರೆಯನ್ನು ನಕಲು ಮಾಡಲು ಬಂದರೆ ಸಾಕು. ಬೆಣ್ಣೆ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಪ್ರಾಣಿಯ ಆಕಾರ ತೆಗೆಯಿರಿ, ಅದನ್ನು ಬಿಳಿಯ ಪ್ಲಾಸ್ಟಿಕ್ ರಬ್ಬರಿನ ಮೇಲೆ ಮಗುಚಿ ಹಾಕಿ ಉಗುರಿನಿಂದ ಉಜ್ಜಿ. ಗೆರೆ ರಬ್ಬರಿಗೆ ಹತ್ತುತ್ತದೆ, ಎಡಬಲ ತಿರುಗುಮುರುಗಾಗಿ. ಒತ್ತಿದಾಗ ಮತ್ತೊಮ್ಮೆ ತಿರುಗಿ ಸರಿಯಾಗುತ್ತದೆ. ಅಕ್ಷರ ಕೊರೆಯುವವರು ಇದನ್ನು ಮರೆತರೆ ‘ಶುಭಾಶಯ’ ಕನ್ನಡಿಯಲ್ಲಿ ಓದಬೇಕಾಗುತ್ತದೆ. ಎರಡು ಮಿಲಿಮೀಟರ್ ಆಳ ಸಾಕು. ಬ್ಲೇಡನ್ನು ಗೆರೆಯಿಂದ ಹೊರಕ್ಕೆ ಓರೆ ಮಾಡಿ ಹಿಡಿಯಿರಿ. ಒಳಕ್ಕೆ ಓರೆಯಾದರೆ ಬುಡ ಸಣ್ಣದಾಗಿ ಕಾಲು, ಕೊಂಬು ಮುರಿಯುತ್ತವೆ. ಚಿಕ್ಕವರ ಕೈಗೆ ಬ್ಲೇಡು ಬೇಡ. ಅವರಿಗೆ ಆಲೂಗಡ್ಡೆ, ಬೆಂಡೆಕಾಯಿ ಇವೆ. ಬೆಂಡೆಕಾಯಿಯನ್ನು ಅಡ್ಡ ಕೊಯ್ದರೆ ಸಿಗುವುದು ಕೊರೆಯದೆ ಸಿಕ್ಕ ನಕ್ಷತ್ರ. ಆಲೂಗಡ್ಡೆಯನ್ನು ಕೊಯ್ದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸದಿದ್ದರೆ ಅದರ ನೀರು ಬಣ್ಣವನ್ನು ತೆಳುಮಾಡುತ್ತದೆ. ಮಾರನೆಯ ದಿನಕ್ಕೆ ಅದು ಸುಕ್ಕಾಗಿರುತ್ತದೆ.

ನೂರಾರು ಕಾರ್ಡು ಬೇಕಾದವರು ಸೀಲು ಮಾಡುವವರ ಹತ್ತಿರ ಹೋಗಬಹುದು. ಕಚೇರಿಯ ಮೊಹರು ಮಾಡುವ ಕೈಯೇ ನಿಮ್ಮ ಮಗಳು ಬರೆದ ಕೊಕ್ಕರೆಯನ್ನೂ ಮರದ ಹಿಡಿಯ ಮೇಲೆ ಕೂರಿಸಿಕೊಡುತ್ತದೆ.

ತಪ್ಪು ಕಲ್ಪನೆ: ಅಚ್ಚು ಒತ್ತಿದ್ದು ಕೈಕೆಲಸ ಅಲ್ಲ, ಎಲ್ಲ ಒಂದೇ ಥರ.

ವಾಸ್ತವ: ಹೆನ್ರಿ ಕೋಲನ ಆ ಮೊದಲ ಸಾವಿರ ಕಾರ್ಡುಗಳೂ ಕಲ್ಲಚ್ಚಿನಲ್ಲಿ ಒತ್ತಿ, ಆಮೇಲೆ ಕೈಯಿಂದ ಬಣ್ಣ ತುಂಬಿದವು. ನಮ್ಮ ಮನೆಗಳಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತಾರಲ್ಲ, ಮರದ ಅಚ್ಚಿನಿಂದ ಬಿಡಿಸಿದ ಆನೆ, ಕುದುರೆ, ಹಕ್ಕಿಗಳನ್ನು ಯಾರಾದರೂ ಕೈಕೆಲಸ ಅಲ್ಲ ಅಂದಾರೆಯೇ? ಪಾಕದ ಹದ ಅಮ್ಮನ ಕೈಯಲ್ಲಿರುವಂತೆ, ಇಲ್ಲಿ ಒತ್ತುವ ಹದ ಬೆರಳಲ್ಲಿದೆ. ಕಾಗದದ ಕೆಳಗೆ ನಾಲ್ಕು ಪದರ ಸುದ್ದಿಪತ್ರಿಕೆ ಇಟ್ಟು, ನೇರ ಒತ್ತಿ, ಅಲುಗಿಸದೆ ನೇರ ಎತ್ತಿ. ಐದನೆಯದಕ್ಕೂ ಐವತ್ತನೆಯದಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ತಪ್ಪು ಕಲ್ಪನೆ: ಕೈಕಾಗದವೇ ಶ್ರೇಷ್ಠ, ಶಾಯಿ ಯಾವುದಾದರೂ ನಡೆಯುತ್ತದೆ.

ವಾಸ್ತವ: ಎರಡೂ ತಿರುಗಾಮುರುಗಾ. ಒರಟು ಕೈಕಾಗದ ಶಾಯಿ ಕುಡಿಯುತ್ತದೆ. ಕಚೇರಿಯ ನೇರಳೆ ಸ್ಟಾಂಪ್ ಪ್ಯಾಡಿನ ನೀರುಶಾಯಿ ಅದರ ಮೇಲೆ ಹರಡಿ ಹುಲ್ಲೆಯ ಕಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೆ ಬಟ್ಟೆಗೆ ಬಳಿಯುವ ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನಲ್ಲಿ ತೆಳ್ಳಗೆ ತಟ್ಟಿ ಒತ್ತಬೇಕು, ಒತ್ತಿದ ಕೂಡಲೇ ಅಚ್ಚು ತೊಳೆಯಬೇಕು. ಗೆರೆ ಸಣ್ಣದಿದ್ದರೆ ನುಣುಪಾದ ಐವರಿ ಶೀಟ್ ಒಳ್ಳೆಯದು. ನನಗೆ ಎಲ್ಲಕ್ಕಿಂತ ಇಷ್ಟ ಹಳೆಯ ಲಗ್ನಪತ್ರಿಕೆಗಳ ಅಚ್ಚಾಗದ ಹಿಂಬದಿ. ಹೊಳಪಿನ ಲೇಪ ಇಲ್ಲದ್ದನ್ನು ಆರಿಸಿ. ಮೂಲೆಯಲ್ಲಿ ಅರಿಸಿನದ ಗುರುತು ಉಳಿದಿದ್ದರೆ ಕತ್ತರಿಸಬೇಡಿ. ಅದೂ ಒಂದು ಶುಭದ ಗುರುತೇ.

ಸಿರಾ ತಾಲ್ಲೂಕಿನ ಕಗ್ಗಲಡುವಿನ ಬಣ್ಣದ ಕೊಕ್ಕರೆಗೆ ಮಾತ್ರ ಬಿಳಿ ಕಾಗದ ಬೇಡ. ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಆ ಹಕ್ಕಿಯ ಮೈ ಬಿಳಿ. ಬಿಳಿ ಹಾಳೆಯಲ್ಲಿ ಅದು ಕಾಣುವುದಿಲ್ಲ. ಮಣ್ಣುಬಣ್ಣದ ಕಾಗದದ ಮೇಲೆ ಮೊದಲು ಬಿಳಿಯ ಮೈ ಒತ್ತಿ, ಒಣಗಿದ ಮೇಲೆ ರೆಕ್ಕೆಯ ಕಪ್ಪು ಪಟ್ಟೆ, ಕೊನೆಗೆ ಹಳದಿ ಕೊಕ್ಕು. ಬಾಲದ ಹತ್ತಿರದ ಗುಲಾಬಿಯನ್ನು ಬೆರಳ ತುದಿಯಿಂದ ಮುಟ್ಟಿಸಿದರಾಯಿತು. ಮೂರು ಅಚ್ಚು, ಮೂರು ಒಣಗು. ತಾಳ್ಮೆ ಬೇಡುತ್ತದೆ. ತಮ್ಮ ಮರಗಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟ ಆ ಊರಿನವರ ತಾಳ್ಮೆಯ ಮುಂದೆ ಅದು ದೊಡ್ಡದಲ್ಲ.

ತಪ್ಪು ಕಲ್ಪನೆ: ಗಿಡದ ಅಲಂಕಾರಕ್ಕೆ ಗಾಜಿನ ಗುಂಡು, ಪ್ಲಾಸ್ಟಿಕ್, ಮಿನುಗುಪುಡಿ ಬೇಕೇ ಬೇಕು.

ವಾಸ್ತವ: ಗಾಜಿನ ಗುಂಡು ಜರ್ಮನಿಯ ಲೌಷಾ ಎಂಬ ಗಾಜು ಊದುವವರ ಊರಿನ ಕಸುಬು. ಅವರು ತಮ್ಮ ಕೈಗೆ ಬಂದದ್ದರಲ್ಲಿ ಮಾಡಿದರು. ನಮ್ಮ ಕೈಗೆ ಬರುವುದು ಕೊರಟಗೆರೆ ತೋಟಗಳ ಅಡಿಕೆ ಹಾಳೆ, ಪಾವಗಡದ ಕಡಲೆಕಾಯಿ ಸಿಪ್ಪೆ, ತೆಂಗಿನ ಕರಟ. ಹಾಳೆಯನ್ನು ನೀರಿನಲ್ಲಿ ನೆನೆಸಿ, ರುಬ್ಬುಗುಂಡಿನ ಕೆಳಗೆ ಚಪ್ಪಟೆಯಾಗಿ ಒಣಗಿಸಿ, ಬಿಲ್ಲೆಗಳಾಗಿ ಕತ್ತರಿಸಿ. ನೀರುಶಾಯಿ ಅದರ ಮೇಲೆ ಜಾರುತ್ತದೆ, ಅಕ್ರಿಲಿಕ್ ನಿಲ್ಲುತ್ತದೆ.

ಉಪ್ಪಿನ ಹಿಟ್ಟಿನ ಬಿಲ್ಲೆ ಇನ್ನೂ ಸೊಗಸು. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟ ನೀರು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಬರುವಂತೆ ನೀರನ್ನು ನೋಡಿಕೊಂಡು ಹಾಕಿ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಹಸಿಯಿದ್ದಾಗಲೇ ಪ್ರಾಣಿಯ ಅಚ್ಚನ್ನು ಬಣ್ಣವಿಲ್ಲದೆ ಒತ್ತಿ, ದಾರಕ್ಕೆ ತೂತು ಮಾಡಿ. ಅಡುಗೆಗೆ ಬಳಸದ ಹಳೆಯ ಸಕ್ಕರೆ ಅಚ್ಚು ಇದ್ದರೆ ಮೈದಾ ಉದುರಿಸಿ ಅದರಲ್ಲೂ ಒತ್ತಬಹುದು. ಮೊದಲ ದಿನ ನೆರಳು, ಆಮೇಲೆ ಬಿಸಿಲು. ನೇರ ಬಿಸಿಲಿಗಿಟ್ಟರೆ ಸೀಳುತ್ತವೆ. ಸಂಜೆ ಒಳಗೆ ತನ್ನಿ, ಉಪ್ಪು ಇಬ್ಬನಿಯ ತೇವ ಎಳೆಯುತ್ತದೆ. ಪೂರ್ತಿ ಒಣಗಿದ ಮೇಲೆ ಎರಡೂ ಬದಿಗೆ ವಾರ್ನಿಷ್ ಬಳಿಯಿರಿ. ಮಿನುಗುಪುಡಿ ಬೇಡವೇ ಬೇಡ. ಅದು ಸಣ್ಣ ಪ್ಲಾಸ್ಟಿಕ್ಕೇ, ಉದುರಿ ಮಣ್ಣು ಸೇರುತ್ತದೆ. ಗಿಡವೂ ಪೈನ್ ಆಗಬೇಕೆಂದಿಲ್ಲ. ಗಾಳಿಮರದ ಒಂದು ಕೊಂಬೆ ಈ ಬಿಲ್ಲೆಗಳ ಭಾರ ಚೆನ್ನಾಗಿ ಹೊರುತ್ತದೆ.

ತಪ್ಪು ಕಲ್ಪನೆ: ಕಾಡಿನಲ್ಲಿ ಬಿದ್ದು ಸಿಕ್ಕ ಕೊಂಬನ್ನು ಅಲಂಕಾರಕ್ಕೆ ಬಳಸಬಹುದು.

ವಾಸ್ತವ: ಬಾರದು. ಕೃಷ್ಣಮೃಗದ ಕೊಂಬು ತಾನಾಗಿ ಉದುರುವುದಿಲ್ಲವೆಂದು ಮೇಲೆಯೇ ಹೇಳಿದೆ. ಸಿಕ್ಕಿತೆಂದರೆ ಒಂದು ಪ್ರಾಣಿ ಸತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ತಪ್ಪು ಕಲ್ಪನೆ: ಕರಡಿಗೆ ಕೆಂಪು ಟೋಪಿ ಹಾಕಿದರೆ ಮುದ್ದಾಗಿ ಕಾಣುತ್ತದೆ.

ವಾಸ್ತವ: ಬೇರೆ ಊರಿನಲ್ಲಿ ಕಾಣಬಹುದು. ಮಧುಗಿರಿ, ಪಾವಗಡದ ಬಂಡೆಗುಡ್ಡಗಳ ಬುಡದಲ್ಲಿ ನಸುಕಿಗೆ ಹೊಲಕ್ಕೆ ಹೋಗಿ ಕರಡಿಗೆ ಸಿಕ್ಕಿ ಗಾಯಗೊಂಡವರ ಮನೆಗಳಿವೆ. ಆ ಮನೆಗೂ ಹೋಗಬಹುದಾದ ಕಾರ್ಡಿನ ಮೇಲೆ ನಾನು ಟೋಪಿಯ ಕರಡಿ ಒತ್ತುವುದಿಲ್ಲ. ಹಾಗೆಂದು ಕರಡಿಯನ್ನು ಬಿಟ್ಟೂ ಇಲ್ಲ. ಎದೆಯ ಮೇಲಿನ ಬಿಳಿ ಗುರುತು, ಉದ್ದ ಉಗುರು, ಜಡೆಗಟ್ಟಿದ ಕೂದಲು, ಹುತ್ತಕ್ಕೆ ಮೂತಿ ಹಾಕಿದ ನಿಲುವು: ಇರುವ ಹಾಗೆಯೇ ಕೊರೆದ ಒಂದು ಅಚ್ಚು ನನ್ನಲ್ಲಿದೆ. ಅದನ್ನು ಕೇಳಿ ಪಡೆಯುವವರಿಗೆ ಮಾತ್ರ ಒತ್ತಿಕೊಡುತ್ತೇನೆ.

ತಪ್ಪು ಕಲ್ಪನೆ: ಒತ್ತಿ, ಮಡಚಿ, ಆಗಲೇ ಅಂಚೆಗೆ ಹಾಕಬಹುದು.

ವಾಸ್ತವ: ಅಕ್ರಿಲಿಕ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ, ಒಂದು ರಾತ್ರಿ ಬಿಡಿ, ಇಲ್ಲವಾದರೆ ಹುಲ್ಲೆ ಎದುರಿನ ಪುಟಕ್ಕೂ ಅಂಟಿಕೊಳ್ಳುತ್ತದೆ. ಮಡಚುವ ಮೊದಲು ಬೆಣ್ಣೆ ಕಾಗದದ ಒಂದು ಹಾಳೆ ನಡುವೆ ಇಡಿ. ಅಂಚೆಯಲ್ಲಿ 20 ಗ್ರಾಂ ಮೀರಿದರೆ ದರ ಏರುತ್ತದೆ, ಆದ್ದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. ಉಪ್ಪಿನ ಬಿಲ್ಲೆಯನ್ನು ಲಕೋಟೆಯಲ್ಲಿ ಹಾಕಬೇಡಿ, ಮುದ್ರೆಯ ಪೆಟ್ಟಿಗೆ ಪುಡಿಯಾಗುತ್ತದೆ. ಅದನ್ನು ಹುಣಸೆಯ ಒಣಸಿಪ್ಪೆ ತುಂಬಿದ ಡಬ್ಬಿಯಲ್ಲಿಟ್ಟು ಕೈಯಾರೆ ಕೊಂಡೊಯ್ಯಿರಿ. ಕಾರ್ಡಿನ ಹಿಂದೆ, ಸಣ್ಣ ಅಕ್ಷರದಲ್ಲಿ, ಪ್ರಾಣಿಯ ಹೆಸರನ್ನೂ ಅದನ್ನು ಕಂಡ ಊರನ್ನೂ ಬರೆಯಿರಿ: ಕೃಷ್ಣಮೃಗ, ಮೈದನಹಳ್ಳಿ.